ಹೇಗೂ ಬೀಳುವ ಹಲ್ಲಿಗೆ ರೂಟ್ ಕೆನಾಲ್ ಯಾಕೆ?

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ, ತೂಕ 17 ಕೆ.ಜಿ. ಕೆಳಗೆ ಎಡಬದಿಯ ಕೊನೆಯ ದವಡೆ ಹಲ್ಲು ದೊಡ್ಡದಾಗಿ ಹುಳುಕಾಗಿದೆ. ಫೆಬ್ರವರಿಯಲ್ಲಿ ರಾತ್ರಿ ಎದ್ದು ಅಳುವಷ್ಟು ನೋವಿತ್ತು, ಆಂಟಿಬಯೋಟಿಕ್ ಸಿರಪ್ ಕೊಟ್ಟ ಮೇಲೆ ನಿಂತಿತು. ಆಮೇಲೆ ಎರಡು ಸಲ ಹೀಗೇ ಆಯಿತು, ಮೆಡಿಕಲ್‌ನಿಂದ ಅದೇ ಸಿರಪ್ ತಂದು ಕೊಟ್ಟೆವು. ಈಗ ನೋವಿಲ್ಲ. ಆದರೆ ಆ ಹಲ್ಲಿನ ಕೆಳಗೆ ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಬಂದು ಹೋಗುತ್ತಿರುತ್ತದೆ. ಒಬ್ಬ ದಂತವೈದ್ಯರು ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು ಎಂದರು, ಇನ್ನೊಬ್ಬರು ತೆಗೆಸಿಬಿಡಿ ಎಂದರು. ಅತ್ತೆಯವರು “ಹಾಲುಹಲ್ಲು, ಹೇಗೂ ಬೀಳ್ತದೆ, ಮಗುವಿಗೆ ಯಾಕೆ ಹಿಂಸೆ” ಅನ್ನುತ್ತಾರೆ. ಅವನ ಮೇಲಿನ ಮುಂದಿನ ಎರಡು ಹಲ್ಲುಗಳೂ ಕಂದಾಗಿ ಸವೆದಿವೆ, ಅವು ನೋಯುವುದಿಲ್ಲ. ಎರಡು ವರ್ಷದ ಮಗಳಿಗೆ ಮೇಲಿನ ಹಲ್ಲುಗಳಲ್ಲಿ ಒಸಡಿಗೆ ತಾಗಿ ಬಿಳಿ ಗೆರೆ ಕಾಣುತ್ತಿದೆ. ಏನು ಮಾಡಲಿ?
— ಬ್ರಹ್ಮಾವರದ ಒಬ್ಬ ತಾಯಿ

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದು ಮುಂದಿನ ಹಲ್ಲುಗಳ ಮಟ್ಟಿಗೆ ಹೆಚ್ಚುಕಡಿಮೆ ಸರಿ, ದವಡೆ ಹಲ್ಲಿನ ಮಟ್ಟಿಗೆ ತಪ್ಪು. ಹಾಲುಹಲ್ಲು ಬೀಳುತ್ತದೆ, ಆದರೆ ಇಪ್ಪತ್ತೂ ಒಂದೇ ಕಾಲಕ್ಕೆ ಬೀಳುವುದಿಲ್ಲ. ಮುಂದಿನವು ಆರು–ಏಳು ವರ್ಷಕ್ಕೆ ಹೋಗುತ್ತವೆ. ಕೊನೆಯ ದವಡೆ ಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕಾದದ್ದು. ಅಂದರೆ ನಿಮ್ಮ ಮಗ ಆ ಹಲ್ಲಿನಲ್ಲಿ ಇನ್ನೂ ಐದು ವರ್ಷ ಅಗಿಯಬೇಕು.

ಮೊದಲು ಒಂದು ಕೆಲಸ ಮಾಡಿ. ಮಗುವನ್ನು ಬೆಳಕಿಗೆ ಕೂರಿಸಿ, ಕೆಳಗಿನ ಮುಂದಿನ ಎರಡು ಹಲ್ಲುಗಳ ನಡುವಿನಿಂದ ಎಡಕ್ಕೆ ಒಂದೊಂದಾಗಿ ಎಣಿಸುತ್ತಾ ಹೋಗಿ. ಹುಳುಕು ಹಲ್ಲು ಐದನೆಯದಾದರೆ ಅದು ಹಾಲುಹಲ್ಲು. ಆರನೆಯದಾದರೆ ಅದು ಶಾಶ್ವತ ಹಲ್ಲು, ಮುಂದೆ ಓದುವುದನ್ನು ಬಿಟ್ಟು ನಾಳೆಯೇ ವೈದ್ಯರ ಹತ್ತಿರ ಹೋಗಿ. ಆರು ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಏನೂ ಬೀಳದ್ದರಿಂದ ಹೊಸ ಹಲ್ಲು ಬಂದದ್ದೇ ಮನೆಯವರಿಗೆ ಗೊತ್ತಾಗುವುದಿಲ್ಲ. ಅದು ಹುಳುಕಾದಾಗಲೂ “ಹಾಲುಹಲ್ಲು ತಾನೇ” ಎಂದು ಬಿಟ್ಟು, ಬದಲಿ ಇಲ್ಲದ ಹಲ್ಲನ್ನು ಕಳೆದುಕೊಳ್ಳುವವರು ಬಹಳ. ನೀವು ಬರೆದ ಪ್ರಕಾರ ಇದು ಐದನೆಯದು ಎಂದುಕೊಂಡು ಉತ್ತರಿಸುತ್ತೇನೆ.

ನೋವು ನಿಂತದ್ದು ವಾಸಿಯಾದ ಲಕ್ಷಣವಲ್ಲ. ಹಾಲುಹಲ್ಲಿನ ಎನಾಮೆಲ್ ಮತ್ತು ಅದರ ಕೆಳಗಿನ ಡೆಂಟಿನ್ ಎರಡೂ ತೆಳು, ಒಳಗಿನ ನರದ ಕೋಣೆ ದೊಡ್ಡದು. ದೊಡ್ಡವರ ಹಲ್ಲಿನಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಇಲ್ಲಿ ತಿಂಗಳುಗಳಲ್ಲಿ ನರ ಮುಟ್ಟುತ್ತದೆ. ಸಿಹಿ ತಿಂದಾಗ ಚುಳ್ಳೆಂದು ತಕ್ಷಣ ನಿಲ್ಲುವ ನೋವಾದರೆ ನರಕ್ಕೆ ಇನ್ನೂ ಚೇತರಿಸಿಕೊಳ್ಳುವ ಶಕ್ತಿ ಉಂಟು. ತಾನಾಗಿಯೇ ಬಂದು ನಿದ್ದೆಯಿಂದ ಎಬ್ಬಿಸುವ ನೋವು ಎಂದರೆ ಆ ಹಂತ ದಾಟಿತು. ಫೆಬ್ರವರಿಯಲ್ಲಿ ಆದದ್ದು ಇದು. ಆಮೇಲೆ ನರ ಸತ್ತಿದೆ, ಸತ್ತ ಮೇಲೆ ನೋವಿಲ್ಲ. ಈಗ ಕೀವು ಒಸಡಿನಲ್ಲಿ ದಾರಿ ಮಾಡಿಕೊಂಡು ಹೊರಬರುತ್ತಿದೆ, ಒಳಗೆ ಒತ್ತಡ ಕಟ್ಟಿಕೊಳ್ಳದ್ದರಿಂದ ಮಗು ಹಾಯಾಗಿದ್ದಾನೆ. ಗುಳ್ಳೆ ಬೇರಿನ ತುದಿಯಲ್ಲಿ ಕಾಣದೆ ಒಸಡಿನ ಅಂಚಿಗೆ ಹತ್ತಿರ, ಎರಡು ಬೇರುಗಳ ನಡುವೆ ಕಾಣುವುದಕ್ಕೂ ಕಾರಣ ಉಂಟು: ಹಾಲು ದವಡೆ ಹಲ್ಲಿನ ನರದ ಕೋಣೆಯ ತಳ ತೆಳುವಾಗಿದ್ದು, ಅದರಲ್ಲಿ ಸಣ್ಣ ಸಣ್ಣ ಅಡ್ಡನಾಳಗಳಿರುತ್ತವೆ. ಸೋಂಕು ಅಲ್ಲಿಂದಲೇ ಸೋರಿ ಬೇರುಗಳ ಕವಲಿನ ಎಲುಬನ್ನು ತಿನ್ನುತ್ತದೆ. ಆ ಕವಲಿನ ನಡುವೆಯೇ ಮುಂದಿನ ಶಾಶ್ವತ ಹಲ್ಲಿನ ಮೊಗ್ಗು ಕೂತಿರುತ್ತದೆ. ಕೀವು ಬಹುಕಾಲ ಅಲ್ಲೇ ನಿಂತರೆ ಆ ಹೊಸ ಹಲ್ಲಿನ ಎನಾಮೆಲ್ ಕೆಟ್ಟು, ಹುಟ್ಟುವಾಗಲೇ ಕಂದು ಕಲೆ ಅಥವಾ ಗುಳಿ ಇಟ್ಟುಕೊಂಡು ಬರಬಹುದು.

ಸಿರಪ್ ಇದನ್ನು ಗುಣ ಮಾಡುವುದಿಲ್ಲ. ನರ ಸತ್ತ ಹಲ್ಲಿನೊಳಗೆ ರಕ್ತಸಂಚಾರವೇ ಇಲ್ಲದ್ದರಿಂದ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ಸುತ್ತಲಿನ ಬಾವು ಇಳಿಯುತ್ತದೆ, ಮೂಲ ಒಳಗೇ ಉಳಿಯುತ್ತದೆ, ಕೆಲವು ವಾರಕ್ಕೆ ಮತ್ತೆ ಅದೇ ಕತೆ. ಕಾಲಿನಲ್ಲಿ ಮುಳ್ಳು ಬಿಟ್ಟು ಮೇಲೆ ಮುಲಾಮು ಹಚ್ಚಿದ ಹಾಗೆ. ಒಸಡಿನ ಗುಳ್ಳೆಯೊಂದೇ ಇದ್ದು ಜ್ವರ, ಕೆನ್ನೆ ಊತ ಇಲ್ಲವಾದರೆ ಆಂಟಿಬಯೋಟಿಕ್ ಬೇಕಾಗಿಯೇ ಇಲ್ಲ. ಹಲ್ಲಿಗೆ ಚಿಕಿತ್ಸೆ ಬೇಕು, ಅಷ್ಟೆ. ಮನೆಯಲ್ಲಿ ಉಳಿದ, ನೀರು ಬೆರೆಸಿಟ್ಟ ಸಿರಪ್ಪನ್ನಂತೂ ಮುಂದಿನ ಸಲಕ್ಕೆಂದು ಇಡಲೇಬೇಡಿ.

ಹಾಗೆಂದು ಎಲ್ಲ ಊತವನ್ನೂ ಕಾದು ನೋಡುವುದಲ್ಲ. ಕೆನ್ನೆ ಊದಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ತೋರಿಸಬೇಕು, ಆಗ ಆಂಟಿಬಯೋಟಿಕ್ ಸಹ ಬೇಕು. ಊತ ಕಣ್ಣಿನವರೆಗೆ ಏರಿದರೆ, ದವಡೆಯ ಕೆಳಗೆ ಕತ್ತಿನತ್ತ ಇಳಿದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಜೊಲ್ಲು ನುಂಗಲಾರದೆ ಸುರಿಸುತ್ತಿದ್ದರೆ, ನಾಲಿಗೆ ಮೇಲೆ ಎದ್ದಂತಿದ್ದರೆ, ಉಸಿರಿಗೆ ಕಷ್ಟವಾದರೆ ಕ್ಲಿನಿಕ್ ತೆರೆಯಲೆಂದು ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಗು ಒಳರೋಗಿಯಾಗಿ ರಕ್ತನಾಳದ ಮೂಲಕ ಔಷಧಿ ತೆಗೆದುಕೊಳ್ಳಬೇಕಾಗುವ ಪರಿಸ್ಥಿತಿ ಅದು.

ನೋವು ಮತ್ತೆ ಬಂದರೆ ಪ್ಯಾರಾಸಿಟಮಾಲ್ ಸಾಕು: ಪ್ರತಿ ಕೆ.ಜಿ.ಗೆ 15 ಮಿ.ಗ್ರಾಂ. 17 ಕೆ.ಜಿ.ಗೆ ಸುಮಾರು 250 ಮಿ.ಗ್ರಾಂ. ಆದರೆ ಬಾಟಲಿಯ ಮೇಲಿನ ಸಂಖ್ಯೆ ಓದದೆ ಚಮಚ ಎತ್ತಬೇಡಿ. ನಮ್ಮಲ್ಲಿ ಸಿಗುವ ಸಿರಪ್‌ಗಳು 5 ಮಿ.ಲೀ.ಗೆ 120 ಮಿ.ಗ್ರಾಂ ಇರುವಂಥವೂ ಉಂಟು, 250 ಇರುವಂಥವೂ ಉಂಟು. ಮೊದಲನೆಯದಾದರೆ 10 ಮಿ.ಲೀ., ಎರಡನೆಯದಾದರೆ 5 ಮಿ.ಲೀ. ಎಳೆ ಮಕ್ಕಳಿಗೆಂದು ಬರುವ ಡ್ರಾಪ್ಸ್ ಇನ್ನೂ ಗಾಢ, 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ ಇರುತ್ತದೆ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಐಬುಪ್ರೊಫೆನ್ ಹಲ್ಲುನೋವಿಗೆ ಒಳ್ಳೆಯ ಔಷಧಿಯೇ, ಆದರೆ ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಜ್ವರ ಇರುವ ಮಗುವಿಗೆ ಅದನ್ನು ವೈದ್ಯರನ್ನು ಕೇಳದೆ ಕೊಡಬಾರದು. ಜ್ವರ ಹಲ್ಲಿನದ್ದಲ್ಲದೆ ಡೆಂಗಿಯದ್ದಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಸ್ಪಿರಿನ್, ನಿಮೆಸುಲೈಡ್ ಎರಡೂ ಮಕ್ಕಳಿಗೆ ಬೇಡ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಗುಳಿಗೆ ತುರುಕುವ ರೂಢಿ ನಮ್ಮಲ್ಲಿ ಬಲವಾಗಿದೆ. ಮಗುವಿನ ತೆಳು ಒಸಡಿಗೆ ತಾಗಿದರೆ ಅದು ಬಿಳಿಚಿಕೊಂಡು ಸುಟ್ಟಂತಾಗುತ್ತದೆ, ನರ ಸತ್ತ ಹಲ್ಲಿನಲ್ಲಿ ಪ್ರಯೋಜನವೂ ಇಲ್ಲ. ಗುಳ್ಳೆಯನ್ನು ಪಿನ್ನಿನಿಂದ ಒಡೆಯಬೇಡಿ.

ಈಗ ಮುಖ್ಯ ಪ್ರಶ್ನೆ, ಉಳಿಸುವುದೋ ತೆಗೆಸುವುದೋ. ಇಬ್ಬರು ವೈದ್ಯರು ಎರಡು ಮಾತು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಕ್ಸ್‌ರೇ ನೋಡದೆ ಹೇಳಿದ್ದಾದರೆ ಎರಡೂ ಅಂದಾಜು. ಆ ಒಂದು ಹಲ್ಲಿನ ಸಣ್ಣ ಎಕ್ಸ್‌ರೇ ಸಾಕು. ಅದರಲ್ಲಿ ನೋಡುವುದು ಮೂರು ಸಂಗತಿ. ಬೇರುಗಳು ಎಷ್ಟು ಉಳಿದಿವೆ? ಸೋಂಕಿನಿಂದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕರಗಿದ್ದರೆ ರೂಟ್ ಕೆನಾಲ್ ಹೆಚ್ಚು ಕಾಲ ನಿಲ್ಲುವುದಿಲ್ಲ. ಬೇರುಗಳ ನಡುವಿನ ಕಪ್ಪು ನೆರಳು ಕೆಳಗಿನ ಶಾಶ್ವತ ಹಲ್ಲಿನ ಮೊಗ್ಗಿನ ಸುತ್ತಲಿನ ಬಿಳಿ ಗೆರೆಯನ್ನು ಒಡೆದಿದೆಯೇ? ಒಡೆದಿದ್ದರೆ ಹಲ್ಲು ಹೋಗಲಿ. ಮೂರನೆಯದು, ಹುಳುಕು ಕೋಣೆಯ ತಳವನ್ನೇ ತೂತು ಮಾಡಿದೆಯೇ, ಕ್ಯಾಪ್ ಕೂರಿಸಲು ಸುತ್ತ ಗೋಡೆ ಉಳಿದಿದೆಯೇ? ಇಷ್ಟು ಸರಿ ಇದ್ದರೆ ಉಳಿಸುವ ಪರವಾಗಿ ನಾನು ಬಲವಾಗಿ ವಾದಿಸುತ್ತೇನೆ. ಯಾಕೆಂದರೆ ಇಪ್ಪತ್ತು ಹಾಲುಹಲ್ಲುಗಳಲ್ಲಿ ಈ ವಯಸ್ಸಿನಲ್ಲಿ ಕಳೆದುಕೊಳ್ಳಲೇಬಾರದ್ದು ಈ ನಾಲ್ಕು, ಮೇಲೆ ಕೆಳಗಿನ ಕೊನೆಯ ದವಡೆ ಹಲ್ಲುಗಳು. ಇನ್ನೇನು ಹುಟ್ಟಲಿರುವ ಆರು ವರ್ಷದ ಶಾಶ್ವತ ಹಲ್ಲು ಇದರ ಹಿಂದಿನ ಬೇರಿಗೆ ಒರಗಿಕೊಂಡೇ ಮೇಲೆ ಬರುತ್ತದೆ. ಇದಿಲ್ಲವಾದರೆ ಅದು ಮುಂದಕ್ಕೆ ವಾಲಿ ಖಾಲಿ ಜಾಗಕ್ಕೆ ಜಾರುತ್ತದೆ. ಆಗ ಹನ್ನೊಂದು ವರ್ಷಕ್ಕೆ ಬರಬೇಕಾದ ಹಲ್ಲಿಗೆ ಜಾಗವಿರದೆ ಅದು ಎಲುಬಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ ಅಥವಾ ನಾಲಿಗೆಯತ್ತ ವಾರೆಯಾಗಿ ಹುಟ್ಟುತ್ತದೆ. ಆಮೇಲೆ ಕ್ಲಿಪ್ ಹಾಕಿಸಲು ಆಗುವ ಖರ್ಚು, ಓಡಾಟ ಇಂದಿನ ರೂಟ್ ಕೆನಾಲ್‌ಗಿಂತ ಎಷ್ಟೋ ಪಾಲು ಜಾಸ್ತಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮಕ್ಕಳ ‘ರೂಟ್ ಕೆನಾಲ್’ ಎಂದು ಕ್ಲಿನಿಕ್‌ಗಳಲ್ಲಿ ಹೇಳುವುದು ಎರಡು ಬೇರೆ ಬೇರೆ ಕೆಲಸಗಳಿಗೆ. ಪಲ್ಪಾಟಮಿಯಲ್ಲಿ ನರದ ಮೇಲಿನ ಭಾಗ ಮಾತ್ರ ತೆಗೆದು, ಬೇರಿನೊಳಗಿನ ಜೀವಂತ ಭಾಗವನ್ನು ಹಾಗೇ ಬಿಟ್ಟು ಅದರ ಮೇಲೆ ಎಂಟಿಎ ಎಂಬ ಸಿಮೆಂಟಿನಂಥ ಔಷಧಿ ಅಥವಾ ಅಂಥದೇ ಇನ್ನೊಂದನ್ನು ಇಡುತ್ತಾರೆ. ಇದು ನರ ಬದುಕಿರುವ ಹಲ್ಲಿಗೆ. ಒದ್ದೆ ಹತ್ತಿ ಒತ್ತಿಟ್ಟು ಐದು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಬೇರಿನ ನರವೂ ಕೆಟ್ಟಿದೆ ಎಂದು ತಿಳಿದು ಮುಂದುವರಿಯುತ್ತಾರೆ. ಕೀವುಗುಳ್ಳೆ ಬಂದ ಹಲ್ಲಿಗೆ ಪಲ್ಪಾಟಮಿ ಸಲ್ಲ. ನಿಮ್ಮ ಮಗನಿಗೆ ಬೇಕಾದದ್ದು ಪಲ್ಪೆಕ್ಟಮಿ, ಬೇರಿನ ನಾಳಗಳನ್ನು ಪೂರ್ತಿ ಶುಚಿಮಾಡುವುದು. ವೈದ್ಯರನ್ನು ಹೆಸರು ಹಿಡಿದೇ ಕೇಳಿ.

ನಡೆಯುವ ಕ್ರಮ ಹೀಗೆ. ಒಸಡಿಗೆ ಜೆಲ್ ಸವರಿ ಒಂದೆರಡು ನಿಮಿಷ ಬಿಟ್ಟು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಶೇಕಡಾ 2ರ ಲಿಗ್ನೊಕೇನ್, ಅದರ ಗರಿಷ್ಠ ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಪ್ರತಿ ಕೆ.ಜಿ.ಗೆ 4.4 ಮಿ.ಗ್ರಾಂ ಮಿತಿ ಇಟ್ಟುಕೊಂಡರೆ 17 ಕೆ.ಜಿ.ಗೆ ಸುಮಾರು 3.7 ಮಿ.ಲೀ. ಒಂದು ಹಲ್ಲಿಗೆ ಅದರ ಅರ್ಧವೂ ಬೇಕಾಗುವುದಿಲ್ಲ, ಆದರೆ ಒಂದೇ ದಿನ ಬಾಯಿಯ ಎರಡೂ ಬದಿ ಕೆಲಸ ಮಾಡುವಾಗ ಈ ಲೆಕ್ಕ ಮುಖ್ಯ. ಹಲ್ಲಿಗೆ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಸಿಕ್ಕಿಸುತ್ತಾರೆ. ನೀರು, ಔಷಧಿ, ನಾಳ ಕೆರೆಯುವ ಸೂಜಿಯಂಥ ಸಣ್ಣ ಫೈಲುಗಳು ಗಂಟಲಿಗೆ ಬೀಳದಂತೆ ತಡೆಯುವುದು ಅದು. ಮೊದಲು ಸುತ್ತಲಿನ ಹುಳುಕನ್ನು ಪೂರ್ತಿ ಕೆತ್ತಿ ಆಮೇಲೆ ಕೋಣೆಯ ಛಾವಣಿ ತೆರೆಯುತ್ತಾರೆ. ಕೆಳದವಡೆಯ ಈ ಹಲ್ಲಿಗೆ ಎರಡು ಬೇರು, ಸಾಮಾನ್ಯವಾಗಿ ಮೂರು ನಾಳ, ಕೆಲವರಲ್ಲಿ ನಾಲ್ಕು. ಫೈಲನ್ನು ಬೇರಿನ ತುದಿಗಿಂತ ಒಂದೆರಡು ಮಿ.ಮೀ. ಮೇಲೆಯೇ ನಿಲ್ಲಿಸುತ್ತಾರೆ, ಆಚೆ ಶಾಶ್ವತ ಹಲ್ಲಿನ ಮೊಗ್ಗಿದೆ. ಶೇಕಡಾ 1ರಷ್ಟು ತಿಳಿಯಾದ ಸೋಡಿಯಂ ಹೈಪೋಕ್ಲೋರೈಟಿನಿಂದ ತೊಳೆದು, ಕಾಗದದ ಕಡ್ಡಿಯಿಂದ ಒಣಗಿಸಿ ಪೇಸ್ಟ್ ತುಂಬುತ್ತಾರೆ. ಕೀವು ಒಸರುತ್ತಲೇ ಇದ್ದರೆ ಒಳಗೆ ಔಷಧಿ ಇಟ್ಟು ಮುಚ್ಚಿ, ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಅದು ಕೆಲಸ ಎಳೆಯುವುದಲ್ಲ, ಒದ್ದೆ ನಾಳ ತುಂಬಿದರೆ ನಿಲ್ಲುವುದಿಲ್ಲ.

ದೊಡ್ಡವರಿಗೆ ತುಂಬುವ ಗಟ್ಟಾ ಪರ್ಚಾವನ್ನು ಇಲ್ಲಿ ಬಳಸುವಂತಿಲ್ಲ. ಹಾಲುಹಲ್ಲಿನ ಬೇರು ಕಾಲಕ್ರಮೇಣ ಕರಗಬೇಕು, ತುಂಬಿದ ವಸ್ತುವೂ ಜೊತೆಗೆ ಕರಗಬೇಕು. ಹೆಚ್ಚಾಗಿ ಬಳಸುವುದು ಹಳದಿ ಬಣ್ಣದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್–ಅಯೊಡೊಫಾರ್ಮ್ ಪೇಸ್ಟ್. ಸಿರಿಂಜಿನಲ್ಲೇ ಬರುತ್ತದೆ, ತುಂಬುವುದು ಸಲೀಸು. ಅದರ ತೊಂದರೆ ಎಂದರೆ ಕೆಲವೊಮ್ಮೆ ಬೇರಿಗಿಂತ ಬೇಗ ಕರಗಿ ನಾಳ ಖಾಲಿಯಾಗುತ್ತದೆ. ಝಿಂಕ್ ಆಕ್ಸೈಡ್ ಯೂಜಿನಾಲ್ ಇದಕ್ಕೆ ವಿರುದ್ಧ, ನಿಧಾನವಾಗಿ ಕರಗುತ್ತದೆ, ತುಣುಕು ಉಳಿಯುವುದೂ ಉಂಟು. ಐದು ವರ್ಷ ಬಾಳಬೇಕಾದ ಹಲ್ಲಿಗೆ ಝಿಂಕ್ ಆಕ್ಸೈಡ್ ಇರುವ ಪೇಸ್ಟ್ ಮೇಲು, ಇನ್ನೊಂದು ವರ್ಷದಲ್ಲಿ ಬೀಳಲಿರುವುದಕ್ಕೆ ಬರೀ ಅಯೊಡೊಫಾರ್ಮ್ ಪೇಸ್ಟ್ ಸಾಕು ಎಂಬುದು ನನ್ನ ಒಲವು.

ಕ್ಯಾಪ್ ಬೇಡ, ಬರೀ ಸಿಮೆಂಟ್ ಸಾಕು ಎಂದು ದುಡ್ಡು ಉಳಿಸಲು ಹೋಗಬೇಡಿ. ಈ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಒಳಗಿನಿಂದಲ್ಲ, ಮೇಲಿನಿಂದ: ಉಳಿದ ತೆಳು ಗೋಡೆ ಒಡೆದು ಎಂಜಲು ಒಳಗಿಳಿಯುತ್ತದೆ. ಸ್ಟೀಲ್ ಕ್ಯಾಪ್ ಹಲ್ಲನ್ನು ಪೂರ್ತಿ ಅಪ್ಪಿಕೊಳ್ಳುತ್ತದೆ, ಕಡೆಗೆ ಹಲ್ಲಿನ ಜೊತೆಗೇ ಬೀಳುತ್ತದೆ. ಬಿಳಿ ಜಿರ್ಕೋನಿಯಾ ಕ್ಯಾಪ್ ಚೆಂದ, ಆದರೆ ಅದನ್ನು ಕೂರಿಸಲು ಹಲ್ಲನ್ನು ಹೆಚ್ಚು ತೇಯಬೇಕು, ಬೆಲೆಯೂ ಹೆಚ್ಚು. ಕೆಳಗಿನ ಹಿಂದಿನ ಹಲ್ಲಿಗೆ ಅದರ ಅಗತ್ಯ ಕಾಣುವುದಿಲ್ಲ. ಮನೆಯಲ್ಲಿ ಯಾರಿಗಾದರೂ ನಿಕ್ಕಲ್ ಒಡವೆಯಿಂದ ಮೈ ತುರಿಸುವುದಿದ್ದರೆ, ಮಗುವಿಗೂ ಹಾಗಾಗಿದ್ದರೆ ಮಾತ್ರ ಮೊದಲೇ ತಿಳಿಸಿ. ಹಾಕಿದ ದಿನ “ಎತ್ತರ ಆಗ್ತದೆ” ಎನ್ನುತ್ತಾನೆ, ಸಣ್ಣ ವ್ಯತ್ಯಾಸವಾದರೆ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಕಳಚಿ ಬಂದರೆ ತೊಳೆದು ಡಬ್ಬಿಯಲ್ಲಿಟ್ಟು ತನ್ನಿ, ಅಂಟು ಹಾಕಬೇಡಿ. ಚಿಕ್ಕಿ, ಎಳೆಯುವ ಚಾಕೊಲೇಟ್ ಆ ಬದಿಗೆ ಬೇಡ.

ಅಂದು ಮನೆಯಲ್ಲಿ ನೋಡಿಕೊಳ್ಳಬೇಕಾದ್ದು ತುಟಿ. ಎರಡು–ಮೂರು ಗಂಟೆ ಎಡತುಟಿಗೆ ಸ್ಪರ್ಶ ಇರುವುದಿಲ್ಲ. ಮಗು ಅದನ್ನು ಆಟವೆಂದುಕೊಂಡು ಜಗಿಯುತ್ತಾನೆ, ಮರುದಿನ ಊದಿ ಬಿಳಿ ಪೊರೆ ಕಟ್ಟಿದ ದೊಡ್ಡ ಹುಣ್ಣು. ಅದನ್ನು ಕೀವು ಎಂದು ಹೆದರಿ ಬರುವವರು ಬಹಳ. ಅದು ಕಚ್ಚಿದ ಗಾಯ, ವಾರದಲ್ಲಿ ಮಾಯುತ್ತದೆ. ಮರಗಟ್ಟಿದ್ದು ಇಳಿಯುವವರೆಗೆ ಊಟ ಬೇಡ, ಆಮೇಲೆ ಆರಿದ ಗಂಜಿ ಅಥವಾ ಮೆತ್ತಗಿನ ನೀರುದೋಸೆ ಕೊಡಿ. ಗುಳ್ಳೆ ಒಂದೆರಡು ವಾರದಲ್ಲಿ ಮಾಯವಾಗಬೇಕು. ಎಲುಬು ತುಂಬಿತೇ ಎಂದು ತಿಳಿಯಲು ಆರು ತಿಂಗಳಿಗೆ ಮತ್ತೊಂದು ಎಕ್ಸ್‌ರೇ ತೆಗೆಸಿ. ಗುಳ್ಳೆ ಮರಳಿ ಬಂದರೆ ಚಿಕಿತ್ಸೆ ಸೋತಿತೆಂದೇ ಅರ್ಥ, ಆಗ ಹಲ್ಲು ತೆಗೆಯಬೇಕು.

ಎಕ್ಸ್‌ರೇಯಲ್ಲಿ ಬೇರು ತುಂಬಾ ಕರಗಿದ್ದರೆ? ಆರು ವರ್ಷದ ಹಲ್ಲು ಹುಟ್ಟಲು ಕೆಲವೇ ತಿಂಗಳಿದ್ದರೆ ನಡುವಿನ ಒಂದು ದಾರಿ ಉಂಟು. ನಾಳಗಳ ಬಾಯಲ್ಲಿ ಆಂಟಿಬಯೋಟಿಕ್‌ಗಳ ಪೇಸ್ಟ್ ಇಟ್ಟು ಮುಚ್ಚಿ, ಸುಮಾರು ಒಂದು ವರ್ಷದ ಮಟ್ಟಿಗೆ ಹಲ್ಲನ್ನು ಹಿಡಿದಿಡುವುದು. ಅದೂ ಆಗದಿದ್ದರೆ ತೆಗೆಸಿ, ಆದರೆ ಜಾಗ ಕಾಯುವ ಯೋಜನೆ ಮೊದಲೇ ಗೊತ್ತಾಗಿರಲಿ. ಒಂದೇ ದವಡೆ ಹಲ್ಲು ಹೋದಾಗ ಹಾಕುವ ಮಾಮೂಲು ಬ್ಯಾಂಡ್ ಆ್ಯಂಡ್ ಲೂಪ್ (ಪಕ್ಕದ ಹಲ್ಲಿಗೆ ಬಳೆ ತೊಡಿಸಿ ಜಾಗ ಕಾಯುವ ತಂತಿ) ಇಲ್ಲಿ ನಡೆಯುವುದಿಲ್ಲ, ಹಿಂದೆ ಆಧಾರಕ್ಕೆ ಹಲ್ಲೇ ಇಲ್ಲ. ಒಸಡಿನೊಳಕ್ಕೆ ಸಣ್ಣ ತಗಡು ಇಳಿಸಿ ಬರುವ ಹಲ್ಲಿಗೆ ದಾರಿ ತೋರಿಸುವ ಡಿಸ್ಟಲ್ ಶೂ ಎಂಬ ಸಾಧನ ಬೇಕು, ಹಲ್ಲು ಹುಟ್ಟಿದ ಮೇಲೆ ಅದನ್ನು ಬದಲಿಸಬೇಕು. “ತೆಗೆಸಿಬಿಡಿ” ಎಂದ ವೈದ್ಯರು ಇದರ ಬಗ್ಗೆ ಏನೂ ಹೇಳದಿದ್ದರೆ ಕೇಳಿಯೇ ಮುಂದುವರಿಯಿರಿ. ಇನ್ನೊಂದು ಮಾತು: ಹುಟ್ಟಿನಿಂದ ಹೃದಯದ ತೊಂದರೆ ಇರುವ ಅಥವಾ ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಲ್ಲಿ ಈ ಲೆಕ್ಕವೆಲ್ಲ ತಿರುಗುತ್ತದೆ. ಅವರಲ್ಲಿ ಕೀವಾದ ಹಲ್ಲನ್ನು ಸಾಮಾನ್ಯವಾಗಿ ಉಳಿಸಲು ಹೋಗುವುದಿಲ್ಲ, ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಡಬೇಕಾಗಬಹುದು. ಅಂಥದ್ದೇನಾದರೂ ಇದ್ದರೆ ಕುರ್ಚಿಯಲ್ಲಿ ಕೂರಿಸುವ ಮೊದಲೇ ಹೇಳಿ.

ಮುಂದಿನ ಎರಡು ಹಲ್ಲುಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದೆರಡು ವರ್ಷದಲ್ಲಿ ಬೀಳುತ್ತವೆ. ಒಸಡಿನಲ್ಲಿ ಗುಳ್ಳೆ ಇಲ್ಲವಾದರೆ ಶೇಕಡಾ 38ರ ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರವ ಸವರಿಸಿದರೆ ಹುಳುಕು ನಿಲ್ಲುತ್ತದೆ. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ. ಹುಳುಕಿದ ಜಾಗ ಮಾತ್ರ ಖಾಯಂ ಕಪ್ಪಾಗುತ್ತದೆ, ಅದು ಗೊತ್ತಿದ್ದೇ ಒಪ್ಪಿಕೊಳ್ಳಿ.

ಎಲ್ಲಿಗೆ ಹೋಗುವುದು? ಮಕ್ಕಳ ದಂತವೈದ್ಯಕೀಯದಲ್ಲಿ ಎಂ.ಡಿ.ಎಸ್. ಮಾಡಿದವರನ್ನು ಹುಡುಕಿ. ಈ ವಿಷಯದಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಅದೃಷ್ಟವಂತವು. ನಿಮಗೆ ಹತ್ತಿರ ಮಣಿಪಾಲದ ದಂತ ಕಾಲೇಜು. ಮಂಗಳೂರಿನ ಕಡೆ ಲೈಟ್‌ಹೌಸ್ ಹಿಲ್ ರಸ್ತೆ, ದೇರಳಕಟ್ಟೆ, ಕುಂಟಿಕಾನ, ಮುಕ್ಕ, ಇತ್ತ ಸುಳ್ಯದಲ್ಲೂ ದಂತ ಕಾಲೇಜುಗಳಿವೆ. ಹೊರರೋಗಿ ಚೀಟಿ ಮಾಡಿಸುವಾಗ “ಪಿಡೋಡಾಂಟಿಕ್ಸ್” ಎಂದು ಹೇಳಿದರೆ ನೇರ ಮಕ್ಕಳ ವಿಭಾಗಕ್ಕೆ ಕಳಿಸುತ್ತಾರೆ. ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಶುಲ್ಕ ಸಾಮಾನ್ಯವಾಗಿ ಕಡಿಮೆ, ಆದರೆ ಸಮಯ ಹಿಡಿಯುತ್ತದೆ. ಮಗು ನಿದ್ದೆ ಮುಗಿಸಿ ತಿಂದು ಲವಲವಿಕೆಯಿಂದಿರುವ ಬೆಳಗ್ಗೆಯೇ ಹೋಗಿ. ಮನೆಯಲ್ಲಿ “ಹಠ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ” ಎನ್ನುವುದೂ ಬೇಡ, “ಏನೂ ನೋಯುವುದೇ ಇಲ್ಲ” ಎಂಬ ಸುಳ್ಳೂ ಬೇಡ. “ಹಲ್ಲು ತೊಳೆದು ಟೊಪ್ಪಿ ಹಾಕ್ತಾರೆ” ಅಂದರೆ ಸಾಕು. ಐದೂವರೆ ವರ್ಷದ ಹೆಚ್ಚಿನ ಮಕ್ಕಳು ಕೂರುತ್ತಾರೆ. ತೀರಾ ಹೆದರಿದರೆ ಮೂಗಿನಿಂದ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡ್ ಅನಿಲದ ಸೌಲಭ್ಯ ಇದೆಯೇ ಎಂದು ಕೇಳಿ.

ಮಗಳ ಬಿಳಿ ಗೆರೆಯನ್ನು ಈಗಲೇ ಹಿಡಿದದ್ದು ಒಳ್ಳೆಯದಾಯಿತು. ಅದು ಹುಳುಕಿನ ಮೊದಲ ಹಂತ, ಗುಳಿ ಬೀಳುವ ಮೊದಲು ಹಿಂದಕ್ಕೆ ತಿರುಗಿಸಬಹುದಾದ ಒಂದೇ ಹಂತ. ಅವಳು ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದರೆ ಕಾರಣ ಅದೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಹಲ್ಲುಗಳ ಬುಡದಲ್ಲೇ ನಿಲ್ಲುತ್ತದೆ. ಒಮ್ಮೆಗೇ ಕಸಿದರೆ ರಾದ್ಧಾಂತ, ಅದಕ್ಕೆ ದಿನದಿನಕ್ಕೆ ನೀರು ಹೆಚ್ಚಿಸುತ್ತಾ ಬಂದು ವಾರದೊಳಗೆ ಬರೀ ನೀರಿಗೆ ಇಳಿಸಿ. ಬೆಲ್ಲ ಹಾಕಿದ ರಾಗಿಮಣ್ಣಿ, ಚಾದಲ್ಲಿ ಅದ್ದಿದ ಬಿಸ್ಕತ್ತು ಊಟದ ಹೊತ್ತಿಗೆ ಮಾತ್ರ. ದಿನವಿಡೀ ಸ್ವಲ್ಪಸ್ವಲ್ಪ ತಿನ್ನುವುದೇ ಹೆಚ್ಚು ಕೆಡುಕು. ವೈದ್ಯರಲ್ಲಿ ಫ್ಲೋರೈಡ್ ವಾರ್ನಿಷ್ ಹಚ್ಚಿಸಿ, ಮೂರರಿಂದ ಆರು ತಿಂಗಳಿಗೊಮ್ಮೆ. ಪೇಸ್ಟ್ ಕೊಳ್ಳುವಾಗ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಮಕ್ಕಳದ್ದೆಂದು ಮಾರುವ ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ, ಕೆಲವದರಲ್ಲಿ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 500) ಆಸುಪಾಸು. ಈ ಇಬ್ಬರಿಗೂ 1000 ಪಿಪಿಎಂ ಇರುವುದು ಬೇಕು: ಮಗಳಿಗೆ ಅಕ್ಕಿಕಾಳಿನಷ್ಟು, ಮಗನಿಗೆ ಬಟಾಣಿಯಷ್ಟು. ಬ್ರಷ್ ನಿಮ್ಮ ಕೈಯಲ್ಲಿರಲಿ, ಮಗನಿಗೂ ಇನ್ನೆರಡು ವರ್ಷ. ಮಲಗುವ ಮುಂಚಿನ ಸರದಿ ತಪ್ಪಿಸಬೇಡಿ. ಉಜ್ಜಿದ ಮೇಲೆ ನೊರೆ ಉಗುಳಿಸಿ ಅಥವಾ ಒರೆಸಿ, ನೀರು ಹಾಕಿ ಮುಕ್ಕಳಿಸುವುದು ಬೇಡ.